ಅಕ್ಕಿ ರೊಟ್ಟಿ ಇದೆ ಸಾರ್, ಖಾಲಿ ಆಗಿದೆ

ನಮ್ಮ ಬಸ್ ಸ್ಟಾಪಿನ ಹಿಂದಿರುವ ದರ್ಶಿನಿ ಇದು, ಹೆಸರು ಬೇಡ ಬಿಡಿ. ಕಾಫಿಗೆ ಐದಕ್ಕೆ ಐದು ಸ್ಟಾರ್, ಚಟ್ನಿಗೆ ನಾಲ್ಕು, ಗೋಡೆ ಮೇಲಿನ ಬೋರ್ಡಿಗೆ ಒಂದು.

ಬೋರ್ಡಿನಲ್ಲಿ 42 ಐಟಂ ಇವೆ, ಸುಮ್ನೆ ನಿಂತು ಎಣಿಸಿದ್ದೇನೆ. ಮೊನ್ನೆ ಎಂಟೂವರೆಗೆ ಹೋಗಿ "ಏನಿದೆ?" ಅಂದೆ. "ಎಲ್ಲಾ ಇದೆ ಸಾರ್." ಅಕ್ಕಿ ರೊಟ್ಟಿ? "ಇದೆ ಸಾರ್, ಖಾಲಿ ಆಗಿದೆ." ಹಾಗಂದಾಗ ಕೌಂಟರ್ ಹುಡುಗನ ಮುಖದಲ್ಲಿ ಒಂಚೂರೂ ಗೊಂದಲ ಇರಲಿಲ್ಲ. ಖಾಲಿ ದೋಸೆ? "ಅದೂ ಖಾಲಿ." ಪಡ್ಡು? "ಹಂಚು ಇನ್ನೂ ಕಾದಿಲ್ಲ, ಹತ್ತು ನಿಮಿಷ." ನೀರು ದೋಸೆ? "ಅದನ್ನ ಇಲ್ಲಿ ಯಾವತ್ತೂ ಮಾಡೇ ಇಲ್ಲ, ಬೋರ್ಡ್ ಬರೆಯೋನು ಜಾಗ ಉಳೀತು ಅಂತ ಹಾಕಿದ್ದು." ಕೊನೆಗೆ ಗಾಜಿನ ಪೆಟ್ಟಿಗೆ ಕಡೆ ಕೈ ತೋರಿಸಿ ಒಂದು ವಡೆ ಕೊಡಪ್ಪಾ ಅಂದರೆ, "ಅದು ವಡೆ ಅಲ್ಲ ಸಾರ್, ಬೋಂಡಾ."

ಅಮೆರಿಕದ ತತ್ವಶಾಸ್ತ್ರಜ್ಞ ಕ್ವೈನ್ 1948ರಲ್ಲಿ ಬರೆದ ಒಂದು ಲೇಖನ ಶುರುವಾಗುವುದೂ ಹೀಗೇ. ಇರುವಿಕೆಯ ಪ್ರಶ್ನೆಯನ್ನು ಇಂಗ್ಲಿಷಿನ ಮೂರು ಪುಟ್ಟ ಪದಗಳಲ್ಲಿ ಕೇಳಬಹುದು, ಒಂದೇ ಪದದಲ್ಲಿ ಉತ್ತರಿಸಬಹುದು ಅನ್ನುತ್ತಾನೆ: ಏನಿದೆ? ಎಲ್ಲ. ಜಗಳ ಇರುವುದು ಬಿಡಿ ಬಿಡಿಯಾಗಿ ಕೇಳಿದಾಗ ಅಂತಲೂ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ನಮ್ಮ ಹಳೇ ದರ್ಶನಗಳಲ್ಲಿ ತರ್ಕಕ್ಕೆ ಹೆಸರಾದ ನ್ಯಾಯ-ವೈಶೇಷಿಕ ಪಂಥದವರು ಇನ್ನೂ ಒಂದು ಹೆಜ್ಜೆ ಮುಂದೆ. ಲೋಕದಲ್ಲಿರುವುದನ್ನೆಲ್ಲ ಏಳು ಪದಾರ್ಥಗಳಾಗಿ, ಅಂದರೆ ಏಳು ಮೂಲ ವರ್ಗಗಳಾಗಿ ವಿಂಗಡಿಸಿ, ಏಳನೆಯದನ್ನು ಅಭಾವ ಅಂದರು. ಅಂದರೆ ಇಲ್ಲದಿರುವುದೂ ಒಂದು ಪದಾರ್ಥ! ಅದರಲ್ಲಿ ನಾಲ್ಕು ಬಗೆ, ಆ ಹುಡುಗ ಐದು ನಿಮಿಷದಲ್ಲಿ ನಾಲ್ಕನ್ನೂ ಬಡಿಸಿಬಿಟ್ಟಿದ್ದ. ಇನ್ನೂ ಹುಯ್ಯದ ಪಡ್ಡು ಪ್ರಾಗಭಾವ, ಮುಗಿದುಹೋದ ರೊಟ್ಟಿ ಪ್ರಧ್ವಂಸಾಭಾವ, ಯಾವ ಕಾಲಕ್ಕೂ ಇಲ್ಲದ ನೀರು ದೋಸೆ ಅತ್ಯಂತಾಭಾವ, ಬೋಂಡಾ ವಡೆ ಅಲ್ಲದಿರುವುದು ಅನ್ಯೋನ್ಯಾಭಾವ. ಗಮನಿಸಿ, ಮೊದಲ ಮೂರಕ್ಕೆ ನಾವು 'ಇಲ್ಲ' ಅನ್ನುತ್ತೇವೆ, ಕೊನೆಯದಕ್ಕೆ ಮಾತ್ರ 'ಅಲ್ಲ'. ಶಾಸ್ತ್ರ ಓದದ ಮಗುವೂ ಇದನ್ನು ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ 'ಈಸ್ ನಾಟ್' ಸಾಕು. 'ಇದು ಬೋಂಡಾ' ಅನ್ನಲು ನಮಗೆ ಕ್ರಿಯಾಪದವೇ ಬೇಡ, 'ಬೋಂಡಾ ಇದೆ' ಅನ್ನಲು ಮಾತ್ರ ಬೇಕು. ಇದು ಏನು ಅನ್ನುವುದೇ ಬೇರೆ, ಇದೆಯಾ ಅನ್ನುವುದೇ ಬೇರೆ, ಅಲ್ವಾ?

ಆದರೆ 'ಇದೆ ಸಾರ್, ಖಾಲಿ ಆಗಿದೆ' ಅನ್ನುವುದು ಯಾವ ಲೆಕ್ಕಕ್ಕೆ? ನನಗೆ ತೋಚಿದ್ದು ಇಷ್ಟು: ಮೊದಲನೇ 'ಇದೆ' ಮೆನುವಿನ ಬಗ್ಗೆ, ಉಳಿದದ್ದು ತಟ್ಟೆಯ ಬಗ್ಗೆ. ಮೆನುವಿನ ರೊಟ್ಟಿಗೆ ಹೆಸರಿದೆ, 50 ರೂಪಾಯಿ ಬೆಲೆಯಿದೆ, ಪಕ್ಕದಲ್ಲಿ ಕಾಯಿ ಚಟ್ನಿಯ ಚಿತ್ರವೂ ಇದೆ. ಹಸಿದವನಿಗೆ ಅದನ್ನ ತಗೊಂಡು ಏನು ಮಾಡೋಣ?

ಬೋಂಡಾ ಚೆನ್ನಾಗಿತ್ತು. ಬಿಸಿ, ಒಳಗೆ ಮೆಣಸಿನಕಾಳು ಜಾಸ್ತಿ, ಎಣ್ಣೆ ಪೇಪರಿಗೆ ಅಂಟುವಷ್ಟು ಇರಲಿಲ್ಲ. ಏಳೂವರೆಗೆ ಮುಂಚೆ ಹೋದರೆ ಅಕ್ಕಿ ರೊಟ್ಟಿ ಸಿಗುತ್ತದಂತೆ. ನಾನಂತೂ ಇವತ್ತಿನವರೆಗೂ ಕಣ್ಣಲ್ಲಿ ನೋಡಿಲ್ಲ.