ಕೆಂಪು ಗಾರೆ ನೆಲ, ಬರೀ ಕಾಂಕ್ರೀಟ್ ಗೋಡೆ, ಚಪ್ಪಡಿ ಕಲ್ಲಿನ ಅಂಗಳ: ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲು ನೆಲದ ವಿಷಯ ಹೇಳಿಬಿಡುತ್ತೇನೆ. ಮನೆ ಕಟ್ಟುವಾಗ ನಾವು ತಲೆ ಕೆಡಿಸಿಕೊಂಡಿದ್ದೆಲ್ಲ ಪ್ಲಾಸ್ಟರ್ ಇಲ್ಲದ ಕಾಂಕ್ರೀಟ್ ಗೋಡೆಯ ಬಗ್ಗೆ. ಬಂದವರು ನಿಂತು ನೋಡುವುದೂ ಅದನ್ನೇ, ಫೋಟೋ ತೆಗೆಯುವುದೂ ಅದನ್ನೇ. ಆದರೆ ಇಷ್ಟು ವರ್ಷ ಇದೇ ಮನೆಯಲ್ಲಿ ಇದ್ದ ಮೇಲೆ ನನಗೆ ದಿನಾ ಖುಷಿ ಕೊಡುವುದು ಕಾಲ ಕೆಳಗಿನ ರೆಡ್ ಆಕ್ಸೈಡ್ ನೆಲ. ಅದು ಅತ್ತೆಯ ಆಸೆ. ಅವರ ತವರು ತೀರ್ಥಹಳ್ಳಿ ಕಡೆ. ಅಲ್ಲಿಯ ಹಾಗೆ ಕೆಂಪು ಗಾರೆ ನೆಲ ಇರಲಿ ಅಂದರು, ಹಾಕಿಸಿದೆವು.

ಯಲಹಂಕದ ಆಚೆ ನಮ್ಮದು 30×40 ಸೈಟು. ಪಡುವಣ ಗೋಡೆ ಕಾಂಕ್ರೀಟು, ಉಳಿದವು ಮಣ್ಣಿನ ಬ್ಲಾಕು. ಹಾಲ್‌ ಮೇಲಿನ ಮೋಲ್ಡಿನಲ್ಲಿ ಮಂಗಳೂರು ಹೆಂಚು ಕೂರಿಸಿದೆ. ಅಂಗಳಕ್ಕೆ ಚಪ್ಪಡಿ ಕಲ್ಲು. ಯಾವುದು ಎಷ್ಟು ದಪ್ಪ, ಯಾವ ಕಂಪನಿ ಸಿಮೆಂಟು ಅನ್ನೋದೆಲ್ಲ ಎಲ್ಲ ಕಡೆ ಸಿಗುತ್ತದೆ, ಬಿಡಿ. ವರ್ಷಗಳು ಕಳೆದ ಮೇಲೆ ಅವು ಹೇಗಿವೆ ಅನ್ನೋದು ಮಾತ್ರ ಬರೆಯುತ್ತೇನೆ.

ನೆಲ ಹಾಕಿದವರು ಕನಕಪುರ ಕಡೆಯ ವಯಸ್ಸಾದ ಗಾರೆ ಮೇಸ್ತ್ರಿ. ಕೆಲಸ ಶುರು ಮಾಡುವ ಮೊದಲೇ ಹೇಳಿದರು: "ಅಮ್ಮಾ, ಕರಣೆ ಹಿಡಿದ ಮೇಲೆ ಆ ರೂಮು ಮುಗಿಯೋವರೆಗೂ ನಾನು ಏಳಲ್ಲ. ಊಟಕ್ಕೂ ಕರೀಬೇಡಿ." ಮಧ್ಯದಲ್ಲಿ ನಿಲ್ಲಿಸಿದರೆ ನಿಲ್ಲಿಸಿದ ಜಾಗದಲ್ಲಿ ಗೆರೆ ಉಳಿದುಬಿಡುತ್ತದಂತೆ. ಒಂದು ಹಲಗೆಯ ಮೇಲೆ ಮಂಡಿಯೂರಿ, ಒಳಗಿನ ಗೋಡೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಾ ಬಂದರು. ಕೆಂಪು ಗಾರೆ ಹಸಿಯಿದ್ದಾಗ ಕರಣೆ ಸದ್ದೇ ಇಲ್ಲದೆ ಜಾರುತ್ತದೆ. ಬಿಗಿಯಾಗುತ್ತಾ ಬಂದ ಹಾಗೆ ಕಿರ್ ಅನ್ನುತ್ತದೆ. ಆ ಸದ್ದು ಬಂದ ಮೇಲೆಯೇ ಅವರು ಮೈಭಾರವನ್ನೆಲ್ಲ ಹಾಕಿ ಉಜ್ಜುತ್ತಿದ್ದದ್ದು. ಮಾರನೇ ದಿನ ಹೊಸ್ತಿಲಿಗೆ ಗಾರೆಯ ಕಟ್ಟೆ ಕಟ್ಟಿ, ಒಂದು ವಾರ ನೀರು ನಿಲ್ಲಿಸಿದರು.

ಮೊದಲ ಕೆಲವು ತಿಂಗಳು ನೋಡಿ ಬೇಜಾರಾಗಿತ್ತು. ಅಲ್ಲಲ್ಲಿ ಬಿಳಿ ಪುಡಿ ಕಟ್ಟಿದ ಹಾಗೆ ಮಂಕು. ಸಿಮೆಂಟಿನಲ್ಲಿರುವ ಸುಣ್ಣ ತೇವದ ಜೊತೆ ಮೇಲೆ ಬಂದು, ಗಾಳಿ ತಾಗಿ ಬಿಳಿಯಾಗುವುದು ಅದು. ಒರೆಸುತ್ತಾ ಹೋದ ಹಾಗೆ ಬರುವುದು ನಿಂತಿತು. ಬಣ್ಣಕ್ಕೆ ಮಾತ್ರ ಏನೂ ಆಗಿಲ್ಲ. ಕೆಂಪು ಆಕ್ಸೈಡ್ ಅಂದರೆ ಕಬ್ಬಿಣದ ತುಕ್ಕಿನ ಜಾತಿಯೇ. ಬಿಸಿಲಿಗೆ ಮಾಸುವುದಿಲ್ಲ. ಕಿಟಕಿ ಪಕ್ಕ ದಿನಾ ಬಿಸಿಲು ಬೀಳುವ ಜಾಗ ಮತ್ತು ಮಂಚದ ಕೆಳಗಿನ ಜಾಗ ಇವತ್ತಿಗೂ ಒಂದೇ ಬಣ್ಣ.

ಹೊಳಪು ಬಂದದ್ದು ಆಮೇಲೆ, ನಿಧಾನಕ್ಕೆ. ಬೆಳಿಗ್ಗೆ ಕಸ ಗುಡಿಸಿ, ಅರ್ಧ ಬಕೆಟ್ ನೀರಿನಲ್ಲಿ ಹಳೇ ಪಂಚೆಯ ಬಟ್ಟೆ ಅದ್ದಿ ಒರೆಸುತ್ತೇನೆ. ಬಟ್ಟೆ ಗಟ್ಟಿಯಾಗಿ ಹಿಂಡಬೇಕು, ನೀರು ತೊಟ್ಟಿಕ್ಕಬಾರದು. ಶುಕ್ರವಾರ ಮಾತ್ರ ನೀರಿಗೆ ನಾಲ್ಕು ತೊಟ್ಟು ಕೊಬ್ಬರಿ ಎಣ್ಣೆ. ಜಾಸ್ತಿ ಹಾಕಿದರೆ ಧೂಳು ಹಿಡಿಯುತ್ತದೆ, ಕಾಲೂ ಜಾರುತ್ತದೆ. ಫಿನಾಯಿಲ್, ಫ್ಲೋರ್ ಕ್ಲೀನರ್ ಯಾವುದೂ ಬೇಕಿಲ್ಲ. ಒರೆಸಿ ಮುಗಿಸಿ ಮುಂಬಾಗಿಲು ತೆಗೆದಾಗ ಮೂಡಣದ ಬಿಸಿಲು ಅಡ್ಡಕ್ಕೆ ಬೀಳುತ್ತದಲ್ಲ, ಆಗ ಮೇಸ್ತ್ರಿಯ ಕರಣೆ ಓಡಾಡಿದ ಕಮಾನು ಗೆರೆಗಳು ಕಾಣುತ್ತವೆ. ಅರ್ಧಚಂದ್ರದ ಪಕ್ಕ ಅರ್ಧಚಂದ್ರ, ಬಾಗಿಲವರೆಗೂ. ಬಿಸಿಲು ಏರಿದರೆ ಇಲ್ಲ. ಎಷ್ಟೋ ದಿನ ಕಾಫಿ ಲೋಟ ಹಿಡಿದುಕೊಂಡು ಅದನ್ನೇ ನೋಡುತ್ತಾ ಕೂತಿದ್ದೇನೆ. ಆ ಮನುಷ್ಯನ ಕೈ ಇನ್ನೂ ನಮ್ಮನೆಯಲ್ಲೇ ಇದೆ ಅನ್ನಿಸುತ್ತದೆ.

ಜೋಡಣೆಯ ಗೆರೆಯೇ ಇಲ್ಲದಿರುವುದು ಎಷ್ಟು ಸುಖ ಅಂತ ಟೈಲ್ಸ್ ಸಂದಿಗೆ ಬ್ರಷ್ ಹಾಕಿ ಉಜ್ಜಿದವರಿಗೆ ಗೊತ್ತು. ಹಬ್ಬದ ದಿನ ದೇವರ ಮುಂದೆ ಎಳೆ ಬಿಟ್ಟರೆ ಆ ಕೆಂಪಿನ ಮೇಲೆ ರಂಗೋಲಿ ಎದ್ದು ಕಾಣುತ್ತದೆ. ಏಪ್ರಿಲ್ ಮಧ್ಯಾಹ್ನ ಅತ್ತೆ ಚಾಪೆಯನ್ನೂ ಹಾಸದೆ ಒಂದು ದಿಂಬು ಹಾಕಿಕೊಂಡು ಮಲಗಿಬಿಡುತ್ತಾರೆ. "ಫ್ಯಾನೂ ಬೇಡ ಕಣಮ್ಮ, ಬೆನ್ನು ತಣ್ಣಗಿದೆ" ಅನ್ನುತ್ತಾರೆ. ನಿಜ ಹೇಳಬೇಕಂದರೆ ಟೈಲ್ಸೂ ತಣ್ಣಗೇ ಇರುತ್ತದೆ. ನೆಲಮಹಡಿಯಲ್ಲಿ ಕೆಳಗಿನ ಮಣ್ಣು ತಂಪಾಗಿರುವುದೇ ಅದಕ್ಕೆ ಮುಖ್ಯ ಕಾರಣ. ಆದರೆ ಕಣ್ಣಿಗೆ ಹೊಡೆಯುವ ಮಿರುಗು ಇದರಲ್ಲಿಲ್ಲ. ಡಿಸೆಂಬರಿನಲ್ಲಿ ಇದೇ ನೆಲ ಅತ್ತೆಯ ಮಂಡಿಗೆ ಆಗುವುದಿಲ್ಲ. ಆಗ ಅವರ ರೂಮಿಗೆ ಜಮಖಾನ, ಓಡಾಡಲು ಮನೆಯೊಳಗಿನ ಚಪ್ಪಲಿ.

ಇನ್ನು ಬೇಜಾರಿನ ವಿಷಯಕ್ಕೆ ಬರುತ್ತೇನೆ.

ಈ ನೆಲಕ್ಕೆ ತೇಪೆ ಹಾಕಲು ಬರುವುದಿಲ್ಲ. ಬಚ್ಚಲಿಗೆ ಹೋಗುವ ಪೈಪು ಒಮ್ಮೆ ಸೋರಿತು. ಪ್ಲಂಬರ್ ಬಾಗಿಲ ಹತ್ತಿರ ಒಂದೂವರೆ ಅಡಿ ಅಗಲಕ್ಕೆ ನೆಲ ಒಡೆಯಲೇಬೇಕಾಯಿತು. ಮಿಕ್ಕಿದ್ದ ಅದೇ ಪ್ಯಾಕೆಟ್ ಆಕ್ಸೈಡ್, ಅದೇ ಮೇಸ್ತ್ರಿ. ಆದರೂ ಹೊಸ ತುಂಡು ಬೇರೆಯೇ ಕೆಂಪು. ಸಿಮೆಂಟು, ನೀರು, ಆವತ್ತಿನ ಬಿಸಿಲು, ಉಜ್ಜಿದ ಬಲ ಎಲ್ಲ ಸೇರಿ ಬಣ್ಣ ಆಗುವುದರಿಂದ ಎರಡನೇ ಸಲ ಅದೇ ಬಣ್ಣ ಬರುವುದು ಕಷ್ಟ. ಈಗಲೂ ಅಲ್ಲಿ ಚೌಕ ಎದ್ದು ಕಾಣುತ್ತದೆ, ನೋಡಿದಾಗೆಲ್ಲ ಸಂಕಟ. ಟೈಲ್ಸ್ ಆಗಿದ್ದರೆ ಎರಡು ಕಿತ್ತು ಎರಡು ಹಾಕಿದ್ದರೆ ಮುಗಿದಿತ್ತು. ಹಾಗಾಗಿ ನೆಲ ಹಾಕುವ ಮೊದಲು ಪೈಪಿಗೆಲ್ಲ ಪ್ರೆಷರ್ ಹಾಕಿ ಪರೀಕ್ಷೆ ಮಾಡಿಸಿ. ಸಾಧ್ಯವಾದರೆ ಪೈಪನ್ನು ನೆಲದಲ್ಲಿ ತರಲೇಬೇಡಿ, ಗೋಡೆಯಲ್ಲೇ ಬರಲಿ.

ಬಿರುಕೂ ಬರುತ್ತದೆ. ಸಿಮೆಂಟು ಒಣಗುವಾಗ ಕುಗ್ಗುತ್ತದೆ, ಅದಕ್ಕೇ ಕೆಲವರು ನೆಲವನ್ನು ಚೌಕ ಚೌಕ ಭಾಗ ಮಾಡಿ ಹಾಕಿಸುವುದು. ನಮ್ಮಲ್ಲಿ ಕಂಬದ ಮೂಲೆಯಿಂದ ಒಂದು ಕೂದಲೆಳೆ ಬಿರುಕು ಹೊರಟಿದೆ. ಒಳಮುಖದ ಮೂಲೆಗಳಲ್ಲೇ ಇದು ಶುರುವಾಗುವುದು. ಅದು ಬೆಳೆದಿಲ್ಲ, ಬಿಟ್ಟಿದ್ದೇವೆ. ಅಡುಗೆಮನೆಯಲ್ಲಿ ಹುಣಸೆಹುಳಿ, ನಿಂಬೆರಸ, ಮಜ್ಜಿಗೆ ಚೆಲ್ಲಿದರೆ ಕೂಡಲೇ ಒರೆಸಬೇಕು. ಹುಳಿ ಸಿಮೆಂಟನ್ನು ತಿನ್ನುತ್ತದೆ, ಅಲ್ಲಿ ಮಂಕು ಕಲೆ ಕೂರುತ್ತದೆ. ಟಾಯ್ಲೆಟ್ ಆ್ಯಸಿಡ್ ಬಾಟಲಿಯನ್ನು ಈ ನೆಲದ ಮೇಲೆ ಇಡಲೂ ಬಿಡಬೇಡಿ. ಶೆಲ್ಫಿಗೆ ಹಾಕಿದ ಕಡಪ ಕಲ್ಲಿಗೂ ಇದೇ ಪಾಡು, ಅದು ಸುಣ್ಣಕಲ್ಲು. ಉಪ್ಪಿನಕಾಯಿ ಭರಣಿ ಇಟ್ಟ ಜಾಗ ಹೊಳಪು ಕಳೆದುಕೊಂಡಿದೆ. ಒಲೆಯ ಪಕ್ಕದ ಕರಿ ಗ್ರಾನೈಟಿಗೆ ಹುಳಿಯಿಂದ ಏನೂ ಆಗಿಲ್ಲ.

ಖರ್ಚಿನ ಬಗ್ಗೆ ಜನ ತಪ್ಪು ತಿಳಿದಿದ್ದಾರೆ. ಆಕ್ಸೈಡ್ ಪುಡಿಗೂ ಸಿಮೆಂಟಿಗೂ ಆಗುವುದು ಕಡಿಮೆಯೇ. ದುಡ್ಡು ಹೋಗುವುದು ಕೂಲಿಗೆ. ನಮಗೆ ಎರಡೂ ಸೇರಿ ಸಾಧಾರಣ ವಿಟ್ರಿಫೈಡ್ ಟೈಲ್ಸಿನ ಎಸ್ಟಿಮೇಟಿನ ಹತ್ತಿರ ಹತ್ತಿರ ಬಂತು. ಅಗ್ಗ ಆಗುತ್ತದೆ ಅಂತ ಹಾಕಿಸಲು ಹೋಗಬೇಡಿ.

ಕಾಂಕ್ರೀಟ್ ಗೋಡೆಯದ್ದೂ ಇದೇ ಕಥೆ. ಪ್ಲಾಸ್ಟರ್ ಇಲ್ಲ, ಪೇಂಟ್ ಇಲ್ಲ, ದುಡ್ಡು ಉಳಿಯುತ್ತದೆ ಅಂದುಕೊಳ್ಳುತ್ತಾರೆ. ಆದರೆ ಸೆಂಟ್ರಿಂಗಿಗೆ, ಅಂದರೆ ಕಾಂಕ್ರೀಟು ಸುರಿಯಲು ಕಟ್ಟುವ ಹಲಗೆಯ ಅಚ್ಚಿಗೆ, ಹೊಸ ಪ್ಲೈವುಡ್ ಬೇಕು, ಸಂದಿ ಬಿಗಿಯಾಗಿರಬೇಕು, ವೈಬ್ರೇಟರ್ ಸರಿಯಾಗಿ ಆಡಿಸಬೇಕು. ಹಲಗೆ ಬಿಚ್ಚಿದ ದಿನ ಏನು ಕಾಣುತ್ತದೋ ಅದೇ ಕೊನೆ, ಮುಚ್ಚಲು ಮೇಲೆ ಇನ್ನೇನೂ ಬರುವುದಿಲ್ಲ. ನಮ್ಮ ಗೋಡೆಯ ಕೆಳಭಾಗದಲ್ಲಿ ಜೇನುಗೂಡಿನ ಹಾಗೆ ತೂತು ತೂತು. ಜಲ್ಲಿ ಹಾಗೇ ಕಾಣುತ್ತಿತ್ತು. ಕಂಟ್ರಾಕ್ಟರ್ ನಮ್ಮನ್ನು ಕೇಳದೆ ಬೂದು ಸಿಮೆಂಟು ಮೆತ್ತಿಸಿ ಹೋದರು. ಆ ಮೆತ್ತಿದ ಜಾಗ ಮಳೆ ಬಂದಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ. ಹೇಳಿ ಕಳಿಸಿದರೆ ಬರಲಿಲ್ಲ, ಫೋನೂ ಎತ್ತಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಮಳೆ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸುರಿಯುವ ಮಳೆ ನಿಮಗೆ ಗೊತ್ತೇ ಇದೆ. ಪ್ಯಾರಪೆಟ್ ಮೇಲಿನ ಧೂಳೆಲ್ಲ ಕರಗಿ ಗೋಡೆ ಮೇಲೆ ಕಪ್ಪು ಗೆರೆಯಾಗಿ ಇಳಿದಿದೆ. ಕೆಳಗೆ ಪಾಚಿ. ಕಟ್ಟಿದಾಗ ತಿಳಿ ಬೂದು ಇದ್ದ ಗೋಡೆ ಈಗ ಪಾಳು ಬಿದ್ದ ಹಾಗೆ ಕಾಣುತ್ತದೆ. ಇದೇ ಗೋಡೆಯ ಒಳಮೈ ಮಾತ್ರ ಇವತ್ತಿಗೂ ಚೆಂದ. ಪ್ಲೈವುಡ್ಡಿನ ಮರದ ಎಳೆಗಳು ಅಚ್ಚೊತ್ತಿದ್ದು ಹಾಗೇ ಇವೆ. ಮಳೆ ತಾಗದ ಕಡೆ ಕಾಂಕ್ರೀಟಿಗೆ ಏನೂ ಆಗಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ವಾಸ್ತುಶಿಲ್ಪಿ ಬಿ. ವಿ. ದೋಶಿ ವಿನ್ಯಾಸ ಮಾಡಿದ ಐಐಎಂ ಇದೆಯಲ್ಲ, ಅಲ್ಲೂ ಕಾಂಕ್ರೀಟು, ಬೂದು ಕಲ್ಲು. ಆದರೆ ಎಲ್ಲಿ ನೋಡಿದರೂ ಬಳ್ಳಿ, ಮರ, ಚಪ್ಪರ. ಹಸಿರಿನ ಪಕ್ಕದಲ್ಲಿ ಹಳೆಯದಾದ ಕಾಂಕ್ರೀಟು ಕಣ್ಣಿಗೆ ಹಿತವಾಗಿಯೇ ಇದೆ. ನಾವೂ ಹೋದ ವರ್ಷ ಗೋಡೆಯ ಬುಡಕ್ಕೆ ಬಳ್ಳಿ ಹಾಕಿದ್ದೇವೆ.

ಹಾಲ್‌ ಮೇಲಿನ ಹೆಂಚಿನ ಮೋಲ್ಡು ಎಲ್ಲರಿಗೂ ಇಷ್ಟ. ಮೋಲ್ಡಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿಯ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಅದಕ್ಕೇ ಕಂಬಿಗಳ ನಡುವೆ ಹೆಂಚು ಕೂರಿಸಿ ಕಾಂಕ್ರೀಟು ಉಳಿಸುವುದು. ಭಾರವೂ ಇಳಿಯುತ್ತದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯ ಮಾಡಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ ಆ ಹೆಂಚು ಈಗ ನಮ್ಮ ತಲೆಯ ಮೇಲೆ ಕೆಂಪು ಚೌಕಗಳಾಗಿ ಕೂತಿದೆ, ಕೆಳಗಿನ ನೆಲಕ್ಕೆ ಜೋಡಿ. ಬೇಸಿಗೆ ರಾತ್ರಿ ಮಾತ್ರ ಸೆಕೆ. ಹಗಲೆಲ್ಲ ಕುಡಿದ ಬಿಸಿಯನ್ನು ತಾರಸಿ ರಾತ್ರಿ ಕೆಳಗೆ ಬಿಡುತ್ತದೆ. ಮಾರ್ಚಿನಲ್ಲಿ ತಾರಸಿಗೆ ಸುಣ್ಣ ಬಳಿಸುತ್ತೇವೆ, ವ್ಯತ್ಯಾಸ ಗೊತ್ತಾಗುತ್ತದೆ.

ಮಣ್ಣಿನ ಬ್ಲಾಕಿನ ಬಗ್ಗೆ ಹೇಳಲು ಹೆಚ್ಚಿಲ್ಲ, ಅದೇ ಅದರ ಗುಣ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತಿದ್ದು, ಸುಡುವ ಕೆಲಸವಿಲ್ಲ. ಸಜ್ಜಾ ಇರುವ ಕಡೆ ಹೊಸದರ ಹಾಗೇ ಇದೆ. ಮೊಳೆ ಹೊಡೆಯಬೇಡಿ, ಡ್ರಿಲ್ ಮಾಡಿಸಿ.

ಅಂಗಳ ನೋಡಿದರೆ ಗೋಡೆಯ ಸಿಟ್ಟೆಲ್ಲ ಇಳಿಯುತ್ತದೆ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು, ಬೂದು ಗ್ರಾನೈಟು. ಪಾಲಿಶ್ ಮಾಡಿಸಲಿಲ್ಲ, ಒರಟಾಗಿಯೇ ಬಿಟ್ಟೆವು. ಕೆಳಗೆ ಬೆಡ್ ಕಾಂಕ್ರೀಟ್ ಹಾಕದೆ ಜಲ್ಲಿ, ಮರಳಿನ ಮೇಲೆ ಕೂರಿಸಿ, ಕಲ್ಲು ಕಲ್ಲಿನ ನಡುವೆ ಎರಡು ಬೆರಳು ಸಂದಿ ಬಿಟ್ಟಿದ್ದೇವೆ. ಅಕ್ಕಪಕ್ಕದ ಮನೆಗಳಲ್ಲಿ ಕಾಂಪೌಂಡ್‌ವರೆಗೂ ಕಾಂಕ್ರೀಟು, ಮಳೆ ಬಂದರೆ ನೀರೆಲ್ಲ ರಸ್ತೆಗೆ. ನಮ್ಮ ಅಂಗಳದಲ್ಲಿ ನೀರು ಸಂದಿಯಲ್ಲೇ ಇಂಗುತ್ತದೆ. ಆ ಸಂದಿಗಳಲ್ಲಿ ಗರಿಕೆ ತಾನಾಗಿಯೇ ಬಂತು. ಗಣೇಶನ ಹಬ್ಬಕ್ಕೆ ಮಾರ್ಕೆಟ್ಟಿನಿಂದ ತರುವುದೇ ಬೇಡ, ಮಗಳು ಬುಟ್ಟಿ ಹಿಡಿದು ಕೂತು ಕಿತ್ತು ತರುತ್ತಾಳೆ. ಬೇಡದ ಕಳೆಯೂ ಬರುತ್ತದೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೈ ಹಾಕಬೇಕು. ನೆರಳಿನ ಮೂಲೆಯಲ್ಲಿ ಪಾಚಿ ಕಟ್ಟಿದರೆ ತೆಂಗಿನ ಕಡ್ಡಿ ಪೊರಕೆಯಲ್ಲಿ ಉಜ್ಜಿದರೆ ಸಾಕು. ಕಾರು ನಿಲ್ಲುವ ಕಡೆ ಒಂದು ಕಲ್ಲು ಸ್ವಲ್ಪ ಕೂತಿತ್ತು. ಇಬ್ಬರು ಸೇರಿ ಹಾರೆ ಹಾಕಿ ಎತ್ತಿ, ಕೆಳಗೆ ಮರಳು ತುಂಬಿ, ಅದೇ ಕಲ್ಲನ್ನು ಅಲ್ಲೇ ಇಟ್ಟರು. ಅರ್ಧ ಗಂಟೆ ಕೆಲಸ. ಒಳಗಿನ ನೆಲಕ್ಕೆ ಈ ಗುಣ ಒಂದು ಇದ್ದಿದ್ದರೆ ಅನ್ನಿಸಿತು.

ಬಾಡಿಗೆಗೆ ಕೊಡುವ ಮನೆಗೆ ಕೆಂಪು ನೆಲ ಹಾಕಿಸಬೇಡಿ. ಬಂದವರು ಆ್ಯಸಿಡ್ ಸುರಿದರೆ ಯಾರನ್ನು ಕೇಳುತ್ತೀರಿ? ದಿನಾ ಒರೆಸುವ ಅಭ್ಯಾಸ ಇಲ್ಲದವರಿಗೂ ಇದು ಸರಿಹೋಗುವುದಿಲ್ಲ. ಮೇಸ್ತ್ರಿಯನ್ನು ಗೊತ್ತು ಮಾಡುವ ಮೊದಲು ಅವರು ಹೋದ ತಿಂಗಳು ಹಾಕಿದ ನೆಲ ನೋಡಬೇಡಿ. ಐದಾರು ವರ್ಷದ ಹಿಂದೆ ಹಾಕಿದ ಮನೆಗೆ ಕರೆದುಕೊಂಡು ಹೋಗಿ ಅನ್ನಿ. ಹೊಸ ನೆಲ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ನಾವೀಗ ಮಹಡಿ ಮೇಲೆ ಒಂದು ರೂಮು ಎತ್ತುತ್ತಿದ್ದೇವೆ. ಹೊರಗೋಡೆಗೆ ಪ್ಲಾಸ್ಟರ್, ಮೇಲೆ ಎರಡಡಿ ಸಜ್ಜಾ. ನೆಲ ರೆಡ್ ಆಕ್ಸೈಡೇ. ಕನಕಪುರದ ಮೇಸ್ತ್ರಿಗೆ ಈಗ ಮಂಡಿ ಊರಲು ಆಗುವುದಿಲ್ಲವಂತೆ. ಮಗನನ್ನು ಕಳಿಸುತ್ತೇನೆ, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ ಅಂದಿದ್ದಾರೆ.