ತಮ್ಮನಿಗೆ ಕೊಡಿಸಿದ 'ಮಿಲಿಟರಿ' ಕನ್ನಡಕ: ಪೆಟ್ಟಿಗೆಯ ಮೇಲಿನ ಮಾತು ನಂಬಬೇಡಿ

ಸೈನ್ಯದಲ್ಲಿರುವ ತಮ್ಮನಿಗೋ, ಮಗನಿಗೋ, ಗಂಡನಿಗೋ ಒಂದು ಒಳ್ಳೆಯ ಕನ್ನಡಕ ಕೊಡಿಸಬೇಕು ಎಂದುಕೊಂಡಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ. ನಾನು ಯಾರನ್ನೂ ಕೇಳದೆ ಕೊಂಡೆ. ಏಟು ಬಿದ್ದದ್ದು ನನ್ನ ತಮ್ಮನಿಗೆ.

ನಮ್ಮದು ಕಟಪಾಡಿ. ತಮ್ಮ ಸೇನೆಗೆ ಸೇರಿ ಒಂಬತ್ತು ವರ್ಷ ಆಯಿತು. ಹಿಂದಿನ ದೀಪಾವಳಿಗೆ ರಜೆಯಲ್ಲಿ ಬಂದಾಗ, ಅವನ ಯೂನಿಟ್ ಲಡಾಖ್ ಕಡೆ ಹೋಗುವುದು ಗೊತ್ತಾಗಿತ್ತು. ಜಾಗದ ಹೆಸರು ಬರೆಯುವುದು ಸರಿಯಲ್ಲ. 14 ಸಾವಿರ ಅಡಿಗಿಂತ ಎತ್ತರ, ಅಷ್ಟು ಸಾಕು. ಅವನು ನನ್ನ ಹತ್ತಿರ ಏನೂ ಕೇಳಲಿಲ್ಲ. ಹಿಮದ ಕನ್ನಡಕ ಯೂನಿಟ್‌ನಲ್ಲೇ ಸಿಗುತ್ತದೆ, ಆದರೆ ಗಾಡಿ ಕೆಲಸಕ್ಕೆ, ಧೂಳಿಗೆ ಹಗುರದ್ದು ಇನ್ನೊಂದು ಇದ್ದರೆ ಒಳ್ಳೆಯದು ಎಂದು ಅಮ್ಮನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯಲ್ಲಿ, ಎತ್ತರದ ಜಾಗದ ಸೈನಿಕರಿಗೆ ಹಿಮದ ಕನ್ನಡಕ ಸಾಕಾಗಿರಲಿಲ್ಲ ಎಂದು ಇದ್ದದ್ದನ್ನು ಪೇಪರಿನಲ್ಲಿ ಓದಿದ ನೆನಪು ನನಗಿತ್ತು. ಅಕ್ಕನ ಮನಸ್ಸು ಅಲ್ವಾ, ಸುಮ್ಮನಿರಲಿಲ್ಲ.

ಮಂಗಳೂರಿಗೆ ಹೋಗಿದ್ದಾಗ ಹಂಪನಕಟ್ಟೆ ಕಡೆಯ ಒಂದು ಅಂಗಡಿಯಲ್ಲಿ ಕೇಳಿದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಮಾಲು ಇಡುವುದು ಅದೊಂದೇ ಅಂಗಡಿಯಲ್ಲ. ಗಟ್ಟಿ ಜಿಪ್ ಪೆಟ್ಟಿಗೆ, ಒಳಗೆ ಒಂದು ಫ್ರೇಮ್, ಬದಲಾಯಿಸಲು ಮೂರು ಲೆನ್ಸ್: ಕಪ್ಪು, ಹಳದಿ, ಬಿಳಿ (ಅಂದರೆ ಬಣ್ಣವಿಲ್ಲದ್ದು). ಪೆಟ್ಟಿಗೆಯ ಮೇಲೆ 'ಮಿಲಿಟರಿ ಗ್ರೇಡ್', 'ಬ್ಯಾಲಿಸ್ಟಿಕ್', 'ಯುವಿ 400' ಎಂದು ದೊಡ್ಡ ಅಕ್ಷರ. ಅಂಗಡಿಯವರು, "ಗುಂಡು ಬಂದ್ರೂ ಎಂತ ಆಗುದಿಲ್ಲ ಮೇಡಂ. ಬಿಸಿಲಿಗೆ ಕಪ್ಪು, ರಾತ್ರಿಗೆ ಹಳದಿ" ಎಂದರು. 2,400 ರೂಪಾಯಿ ಕೊಟ್ಟೆ. ಬಿಲ್ಲಿನಲ್ಲಿ 'ಗಾಗಲ್ಸ್ 1' ಎಂದು ಬರೆದಿದ್ದರು. ಮಾಡೆಲ್ ನಂಬರ್ ಇಲ್ಲ, ಕಂಪನಿ ಹೆಸರಿಲ್ಲ. ಆಗ ಅದು ನನಗೆ ದೊಡ್ಡ ವಿಷಯ ಅನ್ನಿಸಲಿಲ್ಲ.

ಉಡುಪಿ ಸ್ಟೇಷನ್ನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತುವಾಗ ಆ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟೆ. ಎಷ್ಟು ಖುಷಿಪಟ್ಟಿದ್ದ ಅಂದರೆ, ರೈಲಿನೊಳಗೇ ಹಾಕಿಕೊಂಡು ಫೋಟೋ ಕಳಿಸಿದ.

ಮೊದಲ ತೊಂದರೆ ಜನವರಿಯಲ್ಲಿ. ಒಂದು ದಿನ ಹೊಸ ಹಿಮ ಬಿದ್ದ ದಾರಿಯಲ್ಲಿ ಇಡೀ ದಿನ ಕೆಲಸ. ನಾನು ಕೊಟ್ಟ ಕಪ್ಪು ಲೆನ್ಸ್ ಹಾಕಿಕೊಂಡೇ ಇದ್ದ. ಹಗಲು ಏನೂ ಗೊತ್ತಾಗಲಿಲ್ಲ. ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ತುಂಬಿದ ಹಾಗೆ ಉರಿ ಶುರುವಾಯಿತು. ಒಂದೇ ಸಮ ನೀರು, ಟಾರ್ಚ್ ಬೆಳಕು ನೋಡಲೂ ಆಗುತ್ತಿರಲಿಲ್ಲ. ಯೂನಿಟ್ ಡಾಕ್ಟರು ಹಿಮಗುರುಡು ಎಂದರು. ಬಿಸಿಲಿಗೆ ಚರ್ಮ ಸುಡುವ ಹಾಗೆಯೇ ಕಣ್ಣಿನ ಮೇಲ್ಪದರ ಬಿಸಿಲಿನ ಯುವಿ (ನೇರಳಾತೀತ) ಕಿರಣಕ್ಕೆ ಸುಡುತ್ತದೆ. ಅದರ ನೋವು ಬರುವುದು ಹಲವು ಗಂಟೆ ಕಳೆದ ಮೇಲೆ. ಎರಡು ದಿನ ಕತ್ತಲೆಯಲ್ಲಿ ಮಲಗಿಸಿ ಔಷಧ ಹಾಕಿದರು, ವಾಸಿಯಾಯಿತು. ಇದ್ಯಾವುದನ್ನೂ ಅವನು ಆಗ ನಮಗೆ ಹೇಳಲಿಲ್ಲ. ಕಪ್ಪು ಕನ್ನಡಕ ಹಾಕಿದ್ದೆ ಅಲ್ವಾ, ಬದಿಯಿಂದ ಬೆಳಕು ನುಗ್ಗಿರಬೇಕು ಎಂದುಕೊಂಡು ಸುಮ್ಮನಾದ.

ಎರಡನೆಯದು ಮಾರ್ಚ್‌ನಲ್ಲಿ. ಗಟ್ಟಿ ನೆಲ ಅಗೆಯುತ್ತಿದ್ದರು. ಪಕ್ಕದವನ ಪಿಕಾಸಿ ಕಲ್ಲಿಗೆ ತಾಗಿ ಒಂದು ಚೂರು ಹಾರಿತು. ಗುಂಡಲ್ಲ, ಸಿಡಿಗುಂಡಿನ ತುಂಡೂ ಅಲ್ಲ, ಕಡಲೆಕಾಳಿನಷ್ಟು ಕಲ್ಲು. ಲೆನ್ಸ್ ಮೂರು ತುಂಡಾಯಿತು. ಕಲ್ಲು ಕೆಳಗೆ ಬಿತ್ತು. ಆದರೆ ಲೆನ್ಸಿನದೇ ಒಂದು ತುಂಡು ಹುಬ್ಬಿನ ಕೆಳಗೆ ಇಳಿದು ರೆಪ್ಪೆಯನ್ನು ಸೀಳಿತು. ನಾಲ್ಕು ಹೊಲಿಗೆ. ಕಣ್ಣುಗುಡ್ಡೆಗೆ ತಾಗಿರಲಿಲ್ಲ. ರಾತ್ರಿ ಫೋನ್ ಮಾಡಿ, "ಅಕ್ಕ, ಎಂತ ಆಗ್ಲಿಲ್ಲ, ಸ್ವಲ್ಪ ಗೀರಿದೆ ಅಷ್ಟೇ. ಅಮ್ಮನಿಗೆ ಹೇಳ್ಬೇಡ" ಎಂದ. ಕಲ್ಲಿನಿಂದ ಅಲ್ಲ, ನಾನು ಕೊಟ್ಟ ಕನ್ನಡಕದಿಂದಲೇ ಗಾಯ ಆಯಿತು ಎಂದು ಗೊತ್ತಾದದ್ದು ಹತ್ತು ದಿನದ ಮೇಲೆ. ಕಾರ್ಕಳದ ಅವನ ಜೊತೆಗಾರ ರಜೆಯಲ್ಲಿ ಬರುವಾಗ ಆ ಪೆಟ್ಟಿಗೆಯನ್ನು ತಂದುಕೊಟ್ಟು ಎಲ್ಲ ಹೇಳಿದ. ಒಡೆದ ತುಂಡುಗಳ ಅಂಚು ಮುಟ್ಟಿ ನೋಡಿದೆ. ಬ್ಲೇಡಿನ ಹಾಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಉಡುಪಿಯಲ್ಲಿ ನಮಗೆ ಪರಿಚಯದ ಕನ್ನಡಕದ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ತುಂಡನ್ನು ಕೈಯಲ್ಲಿ ಹಿಡಿದು, "ಇದು ಅಕ್ರಿಲಿಕ್ ಅಮ್ಮ. ಪಾಲಿಕಾರ್ಬೊನೇಟ್ ಆಗಿದ್ರೆ ಹೀಗೆ ತುಂಡಾಗುದಿಲ್ಲ, ಬಗ್ಗುತ್ತದೆ, ಗುಳಿ ಬೀಳ್ತದೆ" ಎಂದರು. ಎರಡೂ ಪ್ಲಾಸ್ಟಿಕ್ಕೇ, ಆದರೆ ಗಟ್ಟಿತನ ಬೇರೆ. ಆಮೇಲೆ ಉಳಿದಿದ್ದ ಕಪ್ಪು ಲೆನ್ಸಿನ ದೊಡ್ಡ ತುಂಡನ್ನು ಯುವಿ ಅಳೆಯುವ ಸಣ್ಣ ಯಂತ್ರದಲ್ಲಿಟ್ಟರು. ಕಿರಣ ಧಾರಾಳವಾಗಿ ಒಳಗೆ ಹೋಗುತ್ತಿತ್ತು. ಯುವಿ 400 ಎಂದರೆ 400 ನ್ಯಾನೋಮೀಟರ್‌ವರೆಗಿನ ಕಿರಣವನ್ನು ತಡೆಯಬೇಕು. ಇಲ್ಲಿ ಯುವಿ 400 ಇದ್ದದ್ದು ಸ್ಟಿಕ್ಕರಿನಲ್ಲಿ ಮಾತ್ರ.

ದಯವಿಟ್ಟು ಇದೊಂದನ್ನು ಗಮನದಲ್ಲಿಡಿ. ಕಪ್ಪು ಬಣ್ಣಕ್ಕೂ ಯುವಿ ತಡೆಯುವುದಕ್ಕೂ ಸಂಬಂಧವೇ ಇಲ್ಲ. ಸರಿಯಾದ ಬಿಳಿ ಪಾಲಿಕಾರ್ಬೊನೇಟ್ ಲೆನ್ಸ್ ಕೂಡ ಯುವಿ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಯುವಿ ತಡೆಯದ ಕಪ್ಪು ಲೆನ್ಸ್ ಏನೂ ಹಾಕದೆ ಇರುವುದಕ್ಕಿಂತ ಕೆಟ್ಟದ್ದಾಗಬಹುದು. ಕತ್ತಲೆಯಾಯಿತೆಂದು ಕಣ್ಣಿನ ಪಾಪೆ ಅಗಲವಾಗುತ್ತದೆ, ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಕಣ್ಣು ಚುಚ್ಚುವುದಿಲ್ಲವಾದ್ದರಿಂದ ಮನುಷ್ಯ ಬಿಸಿಲಿನಲ್ಲೇ ನಿಂತಿರುತ್ತಾನೆ. ಮಲ್ಪೆಯ ಒಣ ಮರಳು ಯುವಿಯ ಸುಮಾರು ಶೇಕಡ 15ರಷ್ಟನ್ನು ಮೇಲಕ್ಕೆ ಹೊಡೆಯುತ್ತದೆ. ಹೊಸ ಹಿಮ ಶೇಕಡ 80ರವರೆಗೆ. ಅದರ ಮೇಲೆ, ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಯುವಿ ಸುಮಾರು ಶೇಕಡ 10 ಏರುತ್ತದೆ. 14 ಸಾವಿರ ಅಡಿ ಅಂದರೆ ನಾಲ್ಕು ಸಾವಿರ ಮೀಟರಿಗೂ ಮೇಲೆ. ನಮ್ಮ ಕಡಲ ಬದಿಯ ಬಿಸಿಲಿನ ಲೆಕ್ಕದಲ್ಲಿ ಅಲ್ಲಿಗೆ ಕನ್ನಡಕ ಕೊಳ್ಳಲು ಆಗುವುದೇ ಇಲ್ಲ.

ಇನ್ನು ಆ 'ಬ್ಯಾಲಿಸ್ಟಿಕ್' ಮಾತು. ನಮ್ಮ ಓಣಿಯಲ್ಲಿ ನಿವೃತ್ತ ಸುಬೇದಾರ್ ಮಾವ ಒಬ್ಬರಿದ್ದಾರೆ. ಪೆಟ್ಟಿಗೆ ನೋಡಿದ ಕೂಡಲೇ, "ಮಗಾ, ಪೆಟ್ಟಿಗೆ ನೋಡ್ಬೇಡ, ಲೆನ್ಸ್ ನೋಡು. ಅದ್ರ ಮೇಲೆ ಎಂತ ಕೊರೆದಿದ್ದಾರೆ?" ಎಂದು ಕೇಳಿದರು. ಏನೂ ಇರಲಿಲ್ಲ. ಸ್ಟಿಕ್ಕರ್ ಕಿತ್ತರೆ ಬರೀ ಪ್ಲಾಸ್ಟಿಕ್. ಅವರು ಹೇಳಿದ್ದರಿಂದ, ಆಮೇಲೆ ನಾನೇ ಕೂತು ಓದಿದ್ದರಿಂದ ತಿಳಿದದ್ದು ಇಷ್ಟು.

ಬ್ಯಾಲಿಸ್ಟಿಕ್ ಕನ್ನಡಕ ಅಂದರೆ ಬಂದೂಕಿನ ಗುಂಡು ತಡೆಯುವ ಕನ್ನಡಕ ಅಲ್ಲ. ಸಿಡಿದು ಬರುವ ಸಣ್ಣ ಚೂರು, ಕಲ್ಲು, ಲೋಹದ ತುಂಡು ತಡೆಯುವುದು. ಅದಕ್ಕೆ ಪರೀಕ್ಷೆ ಇದೆ. ಅಮೆರಿಕದ ಕೈಗಾರಿಕಾ ಮಾನದಂಡದ ಹೆಸರು ಝಡ್ 87. ಹೆಚ್ಚಿನ ಏಟಿನ ಪರೀಕ್ಷೆ ದಾಟಿದ್ದಕ್ಕೆ ಪಕ್ಕದಲ್ಲಿ ಪ್ಲಸ್ ಗುರುತು ಇರುತ್ತದೆ. ಕಾಲು ಇಂಚಿನ ಉಕ್ಕಿನ ಗೋಲಿಯನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿ ಹೊಡೆದು ನೋಡಿರುತ್ತಾರೆ. ಯುರೋಪಿನ ಇಎನ್ 166 ಮಾನದಂಡದಲ್ಲಿ ಇದೇ ವೇಗಕ್ಕೆ ಎಫ್ ಅಕ್ಷರ, 120 ಮೀಟರಿಗೆ ಬಿ. ಬಿ ಗುರುತು ಮುಖಕ್ಕೆ ಅಂಟಿ ಕೂರುವ ಗಾಗಲ್‌ಗೆ ಅಥವಾ ಮುಖದ ಕವಚಕ್ಕೆ ಮಾತ್ರ ಸಿಗುತ್ತದೆ. ಕಿವಿಗೆ ಸಿಕ್ಕಿಸುವ ಕನ್ನಡಕದ ಮೇಲೆ ಬಿ ಕಂಡರೆ ಅದೇ ಸುಳ್ಳಿನ ಗುರುತು. ಅಮೆರಿಕದ ಸೈನ್ಯದ್ದು ಬೇರೆ, ಮಿಲ್-ಪಿಆರ್‌ಎಫ್ 32432. ಅದರಲ್ಲಿ ಕನ್ನಡಕಕ್ಕೆ ಸುಮಾರು 3.8 ಮಿಲಿಮೀಟರ್ ದಪ್ಪದ ಲೋಹದ ಚೂರನ್ನು ಸೆಕೆಂಡಿಗೆ 200 ಮೀಟರಿನ ಹತ್ತಿರದ ವೇಗದಲ್ಲಿ ಹೊಡೆಯುತ್ತಾರೆ. ಝಡ್ 87 ಪ್ಲಸ್‌ಗಿಂತ ವೇಗ ನಾಲ್ಕು ಪಟ್ಟು ಜಾಸ್ತಿ. ಚೂರು ಹಗುರವಾದರೂ ಏಟಿನ ಶಕ್ತಿ ಸುಮಾರು ಏಳು ಪಟ್ಟು. ನಮ್ಮ ದೇಶದಲ್ಲಿ ಕೆಲಸಗಾರರ ಕಣ್ಣಿನ ರಕ್ಷಣೆಗೆ ಐಎಸ್ 5983 ಇದೆ. ಫ್ಯಾಕ್ಟರಿ ಕೆಲಸಕ್ಕೆ ಅದು ಸರಿ, ಗಡಿಗೆ ಹೋಗುವವನಿಗೆ ಅದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ.

ಈ ಗುರುತು ಲೆನ್ಸಿನ ಮೂಲೆಯಲ್ಲೂ ಇರಬೇಕು, ಫ್ರೇಮಿನ ಮೇಲೂ ಇರಬೇಕು, ತಯಾರಕರ ಗುರುತಿನ ಜೊತೆ. ಕೊರೆದದ್ದೋ ಅಚ್ಚು ಹಾಕಿದ್ದೋ ಆಗಿರಬೇಕು, ಉಗುರಿನಲ್ಲಿ ಕೆರೆದರೆ ಹೋಗಬಾರದು. ಝಡ್ 87 ಗುರುತಿನ ಪಕ್ಕದಲ್ಲಿ ಯು6 ಎಂದಿದ್ದರೆ ಯುವಿ ತಡೆಯುವುದರಲ್ಲಿ ಅದು ಮೇಲಿನ ದರ್ಜೆ. ಗುರುತನ್ನೂ ನಕಲು ಮಾಡುವವರಿದ್ದಾರೆ. ಅದಕ್ಕೆ ಮಾಡೆಲ್ ನಂಬರನ್ನು ತಯಾರಕರ ಸ್ವಂತ ಪಟ್ಟಿಯಲ್ಲಿ ಹುಡುಕಿ. ಅಮೆರಿಕದ ಸೈನ್ಯವು ತಾನು ಒಪ್ಪಿದ ಕನ್ನಡಕಗಳ ಪಟ್ಟಿಯನ್ನು ಎಪೆಲ್ ಎಂಬ ಹೆಸರಿನಲ್ಲಿ ಇಟ್ಟಿದೆ. ಯಾವ ಮಾಡೆಲ್ ನಿಜಕ್ಕೂ ಪರೀಕ್ಷೆ ದಾಟಿದೆ ಎಂದು ಅದರಲ್ಲಿ ಗೊತ್ತಾಗುತ್ತದೆ.

ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಬಹುದು. ಮೈಯ ಹೊರಭಾಗದಲ್ಲಿ ಕಣ್ಣಿನ ಪಾಲು ಸಾವಿರಕ್ಕೆ ಒಂದರಷ್ಟು. ಆದರೂ 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೈನಿಕರಿಗಾದ ಗಾಯಗಳಲ್ಲಿ ಸುಮಾರು ಶೇಕಡ 13 ಕಣ್ಣಿನವು. ಕಾಲಿಗೆ ತಾಗಿದರೆ ಏನೂ ಆಗದ ಚೂರು ಕಣ್ಣಿಗೆ ತಾಗಿದರೆ ಜೀವಮಾನದ ಕತ್ತಲೆ.

ಹಳದಿ ಲೆನ್ಸಿನ ಬಗ್ಗೆಯೂ ಹೇಳಬೇಕು. ರಾತ್ರಿಗೆ ಹಳದಿ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ತಮ್ಮ ರಾತ್ರಿ ಗಾಡಿಯಲ್ಲಿ ಅದನ್ನೇ ಹಾಕುತ್ತಿದ್ದನಂತೆ. ಯಾವ ಬಣ್ಣವೇ ಇರಲಿ, ಅದು ಬೆಳಕನ್ನು ಕಡಿಮೆಯೇ ಮಾಡುತ್ತದೆ. ರಾತ್ರಿಗೆ ಬಿಳಿ ಲೆನ್ಸ್ ಒಂದೇ ಸರಿ. ಹೊಳಪು ಕಡಿಮೆ ಮಾಡುವ ಪೋಲರೈಸ್ಡ್ ಲೆನ್ಸನ್ನು ನಮ್ಮ ಕಡಲಿನವರು ನೀರಿನ ಹೊಳಪಿಗೆ ಮೆಚ್ಚುತ್ತಾರೆ, ಆದರೆ ಅದರಲ್ಲಿ ಕೆಲವು ಉಪಕರಣಗಳ ಪರದೆ ಕಪ್ಪಾಗಿ ಕಾಣುತ್ತದೆ. ಸೈನಿಕನಿಗೆ ಬೇಡ.

ಕೂರುವುದು ಹೇಗೆ ಎಂದು ಅಂಗಡಿಯಲ್ಲೇ ನೋಡಿ. ಆದಷ್ಟು ಅವರನ್ನೇ ಕರೆದುಕೊಂಡು ಹೋಗಿ. ಹೆಲ್ಮೆಟ್ ಹಾಕಿದಾಗ ಕಿವಿಯ ಕಡ್ಡಿ ದಪ್ಪ ಇದ್ದರೆ ಅರ್ಧ ಗಂಟೆಯಲ್ಲಿ ತಲೆನೋವು, ಆಮೇಲೆ ತೆಗೆದು ಜೇಬಿಗೆ. ಹುಬ್ಬಿನ ಮೇಲೆ, ಕೆನ್ನೆಯ ಬದಿಯಲ್ಲಿ ಸಂದು ಇರಬಾರದು. ಹಿಮದಲ್ಲಿ ಬೆಳಕು ಕೆಳಗಿನಿಂದಲೂ ಬರುತ್ತದೆ. ಮಂಜು ಕಟ್ಟದ ಲೇಪ ಇಲ್ಲದಿದ್ದರೆ ಚಳಿಯಲ್ಲಿ ಉಸಿರಿಗೇ ಲೆನ್ಸ್ ಮಸುಕಾಗುತ್ತದೆ. ಪವರ್ ಇರುವವರಿಗೆ ಒಳಗೆ ಸಿಕ್ಕಿಸುವ ಪವರ್ ಲೆನ್ಸ್ ಇರುವ ಮಾಡೆಲ್ ಸಿಗುತ್ತದೆ. ಪಾಲಿಕಾರ್ಬೊನೇಟಿಗೆ ಗೀರು ಬೇಗ ಬೀಳುತ್ತದೆ. ನೀರು ಹಾಕಿ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒತ್ತಬೇಕು. ನೇಲ್ ಪಾಲಿಶ್ ತೆಗೆಯುವ ಅಸಿಟೋನ್, ಥಿನ್ನರ್ ತಾಗಿಸಲೇಬಾರದು, ಲೆನ್ಸೇ ಹಾಳಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಯೂನಿಟ್‌ನಲ್ಲಿ ಕೊಟ್ಟ ಕನ್ನಡಕ ಇರುವಾಗ ನೀವು ಕೊಟ್ಟದ್ದು ಅದರ ಜಾಗಕ್ಕೆ ಬರಬಾರದು. ಆ ಹಿಮದ ದಿನ ತಮ್ಮನ ಚೀಲದಲ್ಲಿ ಯೂನಿಟ್‌ನ ಗಾಗಲ್ ಇತ್ತು. ಅಕ್ಕ ಕೊಟ್ಟದ್ದು ಎಂದು ಅವನು ಇದನ್ನೇ ಹಾಕಿದ್ದ. ಹೊರಗಿನದ್ದನ್ನು ಹಾಕಲು ಅನುಮತಿ ಇದೆಯಾ ಎಂದೂ ಮೊದಲು ಕೇಳಿಸಿ.

ಅಕಸ್ಮಾತ್ ಕಣ್ಣಿಗೆ ಚೂರು ಚುಚ್ಚಿಕೊಂಡರೆ ಕೀಳಬಾರದು, ಉಜ್ಜಬಾರದು, ಒತ್ತಬಾರದು. ಕಣ್ಣಿಗೆ ತಾಗದ ಹಾಗೆ ಒಂದು ಕಪ್ ಮುಚ್ಚಿ ಡಾಕ್ಟರ ಹತ್ತಿರ ಹೋಗಬೇಕು. ಇದು ಮನೆಯಲ್ಲಿ ಮರ ಕಡಿಯುವವರಿಗೂ, ವೆಲ್ಡಿಂಗ್ ಮಾಡುವವರಿಗೂ ಒಂದೇ.

ನಾನು ಆ ಅಂಗಡಿಗೆ ಮತ್ತೆ ಹೋದೆ. ಒಡೆದ ಲೆನ್ಸ್ ತೋರಿಸಿದೆ. "ಅದು ಫ್ಯಾಷನ್ ಐಟಂ ಮೇಡಂ, ಬಿಲ್ಲಿನಲ್ಲಿ ಮಿಲಿಟರಿ ಅಂತ ಎಲ್ಲಿದೆ?" ಎಂದರು. ಇರಲಿಲ್ಲ, ನಿಜ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. 'ಗಾಗಲ್ಸ್ 1' ಎಂಬ ಬಿಲ್ಲು ಹಿಡಿದು ಎಷ್ಟು ದೂರ ಹೋಗಲು ಆಗುತ್ತದೋ ನೋಡಬೇಕು. ನೀವು ಕೊಳ್ಳುವುದಾದರೆ ಬಿಲ್ಲಿನಲ್ಲಿ ಕಂಪನಿ, ಮಾಡೆಲ್, ಮಾನದಂಡದ ನಂಬರ್ ಮೂರನ್ನೂ ಬರೆಸಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಹೊರಗೆ ಬನ್ನಿ.

ತಮ್ಮ ಈಗ ಚೆನ್ನಾಗಿದ್ದಾನೆ. ರೆಪ್ಪೆಯ ಮೇಲೆ ಒಂದು ಬಿಳಿ ಗೆರೆ ಉಳಿದಿದೆ. ಅಮ್ಮನಿಗೆ ಕೊನೆಗೂ ಹೇಳಲೇಬೇಕಾಯಿತು. ಹೋದ ವಾರ ಕೆಲಸದ ಮೇಲೆ ಮಂಗಳೂರಿಗೆ ಹೋದಾಗ ಅದೇ ಅಂಗಡಿಯ ಮುಂದೆ ನಡೆದುಹೋದೆ. ಅದೇ ಜಿಪ್ ಪೆಟ್ಟಿಗೆ ಗಾಜಿನ ಹಿಂದೆ ಇನ್ನೂ ಇದೆ. ಈಗ ಬೆಲೆ 2,600.