ನಗರಸಭೆಯ ಚೈತ್ರಮಾಸ: ಬಜೆಟ್ ಸಭೆ, ಆಸ್ತಿ ತೆರಿಗೆ, ದೂರು ಸೇವೆ ಎಷ್ಟರಮಟ್ಟಿಗೆ ನಡೆಯುತ್ತಿವೆ?

ಮಾವು ಚಿಗುರುವ ಹೊತ್ತಿಗೆ ಸಣ್ಣ ಊರಿನ ಕಸದ ಗಾಡಿಯ ಮೈಕು ರಾಗ ಬದಲಿಸುತ್ತದೆ. ಹಸಿ ಕಸ, ಒಣ ಕಸದ ಹಾಡಿನ ನಡುವೆ "ಏಪ್ರಿಲ್ ತಿಂಗಳಲ್ಲೇ ಆಸ್ತಿ ತೆರಿಗೆ ಪಾವತಿಸಿ, ಶೇ 5 ರಿಯಾಯಿತಿ ಪಡೆಯಿರಿ" ಎಂಬ ಪ್ರಕಟಣೆ ಸೇರಿಕೊಳ್ಳುತ್ತದೆ. ಶಿರಸಿ, ಸಾಗರ, ಪುತ್ತೂರು, ಚಿಂತಾಮಣಿ, ಗೋಕಾಕ ಹೀಗೆ ನಗರಸಭೆ ಇರುವ ಯಾವ ಊರಿಗೆ ಹೋದರೂ ಫೆಬ್ರುವರಿಯಿಂದ ಮೇ ತನಕ ನಾಗರಿಕರಿಗೂ ಕಚೇರಿಗೂ ಕೊಡು-ಕೊಳ್ಳುವಿಕೆ ಜಾಸ್ತಿ. ಬಜೆಟ್ ಈ ಹೊತ್ತಿಗೇ, ತೆರಿಗೆಯೂ ಈ ಹೊತ್ತಿಗೇ, ನೀರಿನ ತಾಪತ್ರಯ, ಮಳೆಗೆ ಮುಂಚಿನ ಚರಂಡಿ ಕೆಲಸ ಕೂಡ ಈಗಲೇ. ಈ ಸೇವೆಗಳನ್ನು ಅಂಗಡಿಯ ಸಾಮಾನು ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ: ಕೈಗೆ ಒಂದು ನಂಬರು ಸಿಗುವ ಸೇವೆ ತಡವಾಗಿಯಾದರೂ ನಡೆಯುತ್ತದೆ, ಬಾಯಿಮಾತಿನಲ್ಲಿ ಮುಗಿಯುವ ಸೇವೆ ಬಾಯಿಮಾತಾಗಿಯೇ ಉಳಿಯುತ್ತದೆ.

ಮೊದಲಿಗೆ ಬಜೆಟ್ ಪೂರ್ವಭಾವಿ ಸಭೆ. ವಾರ್ಡ್ ಸಮಿತಿ ಕಡ್ಡಾಯ ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿಗೆ. ನಗರಸಭೆಯ ಊರುಗಳು ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕವು. ಹಾಗಾಗಿ ಖರ್ಚಿನ ವಿಷಯದಲ್ಲಿ ಜನ ನೇರವಾಗಿ ಮಾತಾಡಲು ಉಳಿಯುವ ಮುಖ್ಯ ಜಾಗ ಈ ಸಭೆ. ಇದು ಪೌರಾಯುಕ್ತರು ದೊಡ್ಡ ಮನಸ್ಸು ಮಾಡಿ ಕರೆಯುವ ಸಭೆಯಲ್ಲ. ಬಜೆಟ್‌ಗೆ ಮೊದಲು ಸಾರ್ವಜನಿಕರ ಜೊತೆ ಸಮಾಲೋಚನೆ ಆಗಬೇಕೆಂದು ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಲ್ಲೇ (2006) ಇದೆ.

ಸಭೆ ನಡೆಯುವ ಬಗೆಗೆ ಐದಕ್ಕೆ ಎರಡು ಅಂಕ ಸಾಕು. ನೋಟಿಸು ಒಂದೆರಡು ಸ್ಥಳೀಯ ಪತ್ರಿಕೆಗಳಲ್ಲಿ, ಕಚೇರಿಯ ಫಲಕದಲ್ಲಿ ಬಂದರೆ ಮುಗಿಯಿತು. ಸಮಯ ವಾರದ ನಡುವೆ ಬೆಳಗ್ಗೆ 11 ಗಂಟೆ. ದುಡಿಯುವವರು ಬರುವುದು ಹೇಗೆ? ಹಿಂದಿನ ವರ್ಷ ಅಂದಾಜು ಮಾಡಿದ್ದೆಷ್ಟು, ನಿಜವಾಗಿ ಖರ್ಚಾದದ್ದೆಷ್ಟು ಎಂಬ ಹಾಳೆಯನ್ನು ಮೊದಲೇ ಕೊಡುವುದಿಲ್ಲ. ಹೋಗುವವರು ಆ ಹಾಳೆಯನ್ನೇ ಮೊದಲು ಕೇಳಬೇಕು. ಅದಿಲ್ಲದ ಚರ್ಚೆ ಹೆಚ್ಚಾಗಿ "ನಮ್ಮ ಬೀದಿಗೆ ದೀಪ ಬೇಕು" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ದೀಪ ಬೇಡವೆಂದಲ್ಲ, ಕೆಟ್ಟ ದೀಪದ ದೂರಿಗೆ ಬೇರೆ ದಾರಿ ಇದೆ. ಇಲ್ಲಿ ಕೇಳಬೇಕಾದ್ದು ಸ್ವಂತ ನಿಧಿಯ, ಅಂದರೆ ನಗರಸಭೆಯೇ ತೆರಿಗೆ, ಶುಲ್ಕದಿಂದ ಕೂಡಿಸಿದ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಹಣಕಾಸು ಆಯೋಗದ ಅನುದಾನದ ಒಂದು ಭಾಗ ಕುಡಿಯುವ ನೀರು, ನೈರ್ಮಲ್ಯಕ್ಕೆ ಕಟ್ಟುಬಿದ್ದಿರುತ್ತದೆ, ಅದನ್ನು ಸಭೆಯಲ್ಲಿ ಕೂಗಾಡಿ ಬದಲಿಸಲಾಗದು. ಸ್ವಂತ ನಿಧಿಯಲ್ಲೂ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಮೀಸಲಿದೆ. ಈ ಮೂರು ತಲೆಬರಹದಲ್ಲಿ ಕಳೆದ ವರ್ಷ ಖರ್ಚಾಗದೆ ಉಳಿದದ್ದೆಷ್ಟು ಎಂದು ಕೇಳಿ ನೋಡಿ. ಲೆಕ್ಕಾಧಿಕಾರಿ ಕಡತ ತೆರೆಯಲೇಬೇಕಾಗುತ್ತದೆ.

ಸಲಹೆಯನ್ನು ಎರಡು ಪ್ರತಿ ಬರೆದೊಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದಕ್ಕೆ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಒಂದು ಕಾಗದಕ್ಕೆ ಒಂದೇ ಕೆಲಸ. "ವಾರ್ಡಿನ ಅಭಿವೃದ್ಧಿ ಮಾಡಿ" ಎಂದು ಬರೆದರೆ ಅದು ಯಾವ ಶಾಖೆಯ ಮೇಜಿಗೂ ಹೋಗುವುದಿಲ್ಲ. "ಇಂಥ ಅಡ್ಡರಸ್ತೆಯ ಎಡಬದಿ, ಇಂಥ ಮೋರಿಯಿಂದ ಇಂಥ ಮೋರಿಯವರೆಗೆ 80 ಮೀಟರ್ ಚರಂಡಿಗೆ ಸ್ಲ್ಯಾಬ್ ಇಲ್ಲ" ಎಂದರೆ ಜೆಇ (ಕಿರಿಯ ಎಂಜಿನಿಯರ್) ಅಂದಾಜುಪಟ್ಟಿ ಮಾಡಬಹುದು. ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಊರಿನಲ್ಲಂತೂ ಈ ಕಾಗದಕ್ಕೆ ಇನ್ನೂ ತೂಕ, ಏಕೆಂದರೆ ಸಭೆಯಲ್ಲಿ ನೆನಪಿಸಲು ವಾರ್ಡ್ ಮೆಂಬರೇ ಇರುವುದಿಲ್ಲ.

ಇನ್ನು ಆಸ್ತಿ ತೆರಿಗೆ. ಮೂರರಲ್ಲಿ ಇದೇ ಮೇಲು, ಐದಕ್ಕೆ ಮೂರೂವರೆ. ದುಡ್ಡು ತೆಗೆದುಕೊಳ್ಳುವ ವಿಷಯ ನೋಡಿ, ವ್ಯವಸ್ಥೆ ಚುರುಕಾಗಿಯೇ ಇದೆ! 2002-03ರಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂದ ಮೇಲೆ ಬಿಲ್ ಕಲೆಕ್ಟರ್ ಅಂದಾಜಿಗೆ ತೆರಿಗೆ ಬೀಳುವುದು ತಪ್ಪಿದೆ. ನಿವೇಶನದ ಅಳತೆ, ಪ್ರತಿ ಅಂತಸ್ತಿನ ಕಟ್ಟಡದ ವಿಸ್ತೀರ್ಣ, ಆರ್‌ಸಿಸಿಯೋ ಹೆಂಚೋ ಶೀಟೋ, ಕಟ್ಟಿದ ವರ್ಷ, ವಾಸಕ್ಕೋ ವ್ಯಾಪಾರಕ್ಕೋ ಎಂಬುದನ್ನು ಮಾಲೀಕರೇ ಹೇಳಬೇಕು. ಅದಕ್ಕೆ ಮುದ್ರಾಂಕ ಇಲಾಖೆಯ ಮಾರ್ಗಸೂಚಿ ಬೆಲೆ ಸೇರಿಸಿ, ಕಟ್ಟಡದ ವಯಸ್ಸಿಗೆ ಸವಕಳಿ ಕಳೆದು ತೆರಿಗೆ ಲೆಕ್ಕವಾಗುತ್ತದೆ. ಖಾಲಿ ಸೈಟಿಗೂ ತೆರಿಗೆ ಉಂಟು. ಸೈಟು ಕೊಂಡು ಬೆಂಗಳೂರಿಗೆ ಹೋದವರು ಇದನ್ನು ಮರೆಯುವುದೇ ಹೆಚ್ಚು.

ಎಡವುವುದು ಅಳತೆಯಲ್ಲಿ. ಕ್ರಯಪತ್ರದಲ್ಲಿ 30×40 ಅಡಿ ಎಂದಿರುತ್ತದೆ, ನಮೂನೆ ಚದರ ಮೀಟರ್ ಕೇಳುತ್ತದೆ. 1,200 ಚದರ ಅಡಿಯನ್ನು 10.76ರಿಂದ ಭಾಗಿಸಿದರೆ ಸುಮಾರು 111.5 ಚದರ ಮೀಟರ್. ಅಡಿಯ ಸಂಖ್ಯೆಯನ್ನೇ ಮೀಟರ್ ಕಾಲಂನಲ್ಲಿ ತುಂಬಿದರೆ ತೆರಿಗೆ ಹತ್ತು ಪಟ್ಟು ದಾಟುತ್ತದೆ. ಒಮ್ಮೆ ಕಟ್ಟಿಬಿಟ್ಟರೆ ವಾಪಸು ಪಡೆಯುವುದಕ್ಕಿಂತ ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳುವುದೇ ಸುಲಭ. ಎರಡನೆಯ ಎಡವಟ್ಟು, ಮನೆಯ ಮುಂಭಾಗದ ಅಂಗಡಿ ಮಳಿಗೆಯನ್ನೂ ವಾಸ ಎಂದು ಬರೆಯುವುದು. ಅದೇ ವಿಳಾಸಕ್ಕೆ ಉದ್ದಿಮೆ ಪರವಾನಗಿ ಇದ್ದರೆ ಒಂದಲ್ಲ ಒಂದು ದಿನ ಎರಡೂ ತಾಳೆ ಬಿದ್ದು ನೋಟಿಸು ಬರುತ್ತದೆ.

ಚಲನ್ ನೋಡಿ ಗಾಬರಿಯಾಗುವವರಿಗೆ ಒಂದು ಲೆಕ್ಕ. ತೆರಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಉಪಕರ ಶೇ 15, ಅಂದರೆ 450. ಗ್ರಂಥಾಲಯ ಉಪಕರ ಶೇ 6, ಅಂದರೆ 180. ಭಿಕ್ಷುಕರ ಉಪಕರ ಶೇ 3, ಅಂದರೆ 90. ಇವೇ 720 ಆಯಿತು. ಇದರ ಜೊತೆ ಘನತ್ಯಾಜ್ಯ ಶುಲ್ಕ ಮುಂತಾದವು. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ತೆರಿಗೆಯಲ್ಲಿ ಶೇ 5, ಅಂದರೆ 150 ರೂಪಾಯಿ ಉಳಿತಾಯ. ಮೇ, ಜೂನ್‌ನಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಮಾರ್ಚ್‌ತನಕ ಎಳೆದರೆ ಒಂಬತ್ತು ತಿಂಗಳಿಗೆ 540. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಅವಧಿಯನ್ನು ಮುಂದಕ್ಕೆ ಹಾಕಿದ್ದುಂಟು. ಅದನ್ನೇ ನೆಚ್ಚಿ ಕೂರುವುದು ಜಾಣತನವಲ್ಲ.

ಕಟ್ಟುವ ದಿನ ಮುಖ್ಯ. ಏಪ್ರಿಲ್ ಮೊದಲ ವಾರ ಹೊಸ ವರ್ಷದ ಬೇಡಿಕೆ ತಂತ್ರಾಂಶಕ್ಕೆ ಪೂರ್ತಿ ಏರಿರುವುದಿಲ್ಲ, ಕೊನೆಯ ವಾರ ಸರ್ವರ್ ಏಳುವುದಿಲ್ಲ. 10ರಿಂದ 20ರ ನಡುವೆ ಹೋದರೆ ಕೆಲಸ ಸಲೀಸು. 30ನೇ ತಾರೀಕು ರಾತ್ರಿ ಆನ್‌ಲೈನ್‌ನಲ್ಲಿ ಕಟ್ಟಿ, ಖಾತೆಯಿಂದ ಹಣ ಹೋಗಿ ರಸೀದಿ ಬಾರದಿದ್ದರೆ ಇನ್ನೊಮ್ಮೆ ಕಟ್ಟಲು ಹೋಗಬೇಡಿ. ವಹಿವಾಟಿನ ಸಂಖ್ಯೆ, ಬ್ಯಾಂಕ್ ವಿವರದ ಮುದ್ರಿತ ಪ್ರತಿ ಹಿಡಿದು ಕಂದಾಯ ಶಾಖೆಗೆ ಹೋಗಿ.

ಈ ಸೇವೆಯ ದೊಡ್ಡ ಹುಳುಕು ಹಳೆಯ ಬಾಕಿ. ಕೈಬರಹದ ರಸೀದಿ ಕಾಲದಲ್ಲಿ ಕಟ್ಟಿದ್ದು ತಂತ್ರಾಂಶಕ್ಕೆ ಏರದೆ, ಎಷ್ಟೋ ವರ್ಷದ ಹಿಂದಿನ ತೆರಿಗೆ ದಂಡಸಮೇತ ಬಾಕಿ ಎಂದು ತೋರಿಸುತ್ತದೆ. ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಹಳೆಯ ರಸೀದಿಯ ನಕಲು ಲಗತ್ತಿಸಿ, ಡಿಸಿಬಿ ವಹಿಯ (ಬೇಡಿಕೆ, ವಸೂಲಿ, ಬಾಕಿ ಬರೆದಿಡುವ ಪುಸ್ತಕ) ಜೊತೆ ತಾಳೆ ನೋಡಿ ತಿದ್ದಿ ಎಂದು ಬರೆದುಕೊಡಿ. ರಸೀದಿಯೇ ಇಲ್ಲದಿದ್ದರೆ ವಹಿಯ ಆ ವರ್ಷದ ಪುಟವನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು: ಶುಲ್ಕ 10 ರೂಪಾಯಿ, ಗಡುವು 30 ದಿನ, ಕರ್ನಾಟಕದಲ್ಲಿ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ. ಇಂಥ ತಿದ್ದುಪಡಿಗೆಂದು ಪ್ರತ್ಯೇಕ ಮೇಜು ಇಲ್ಲದಿರುವುದಕ್ಕೇ ಒಂದೂವರೆ ಅಂಕ ಕತ್ತರಿಸಿದ್ದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಬೇಕು. ತೆರಿಗೆ ರಸೀದಿ ಒಡೆತನದ ಪತ್ರವಲ್ಲ. 2025ರ ಫೆಬ್ರುವರಿಯಿಂದ ಬೆಂಗಳೂರಿನಾಚೆಯ ಊರುಗಳಲ್ಲೂ ಬಿ-ಖಾತಾ ಕೊಡುವ ಅಭಿಯಾನ ನಡೆಯಿತಲ್ಲ, ಅದು ಅನುಮೋದನೆಯಿಲ್ಲದ ಬಡಾವಣೆಯ ಸೈಟುಗಳನ್ನು ತೆರಿಗೆಯ ಲೆಕ್ಕಕ್ಕೆ ತಂದದ್ದು. ಬಡಾವಣೆ ಸಕ್ರಮವಾಯಿತೆಂದು ಅದರ ಅರ್ಥವಲ್ಲ.

ದೂರು ಸೇವೆ, ಅಂದರೆ ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪ್. ಬೆಂಗಳೂರು ಬಿಟ್ಟು ಉಳಿದ ನಗರ ಸ್ಥಳೀಯ ಸಂಸ್ಥೆಗಳಿಗೆ ಮಾಡಿದ್ದು. ದೂರು ದಾಖಲಿಸುವುದು ಸುಲಭ: ಊರು, ವಾರ್ಡು ಆರಿಸಿ, ದೂರಿನ ಬಗೆ ಆರಿಸಿ, ಫೋಟೊ ಹಾಕಿ. ದೂರಿನ ಸಂಖ್ಯೆ ಬರುತ್ತದೆ. ವಾಟರ್‌ಮ್ಯಾನ್‌ಗೆ ಫೋನ್ ಮಾಡುವ ಅಭ್ಯಾಸದವರಿಗೆ ಇದು ಸುತ್ತುಬಳಸಿನ ದಾರಿ ಎನಿಸಬಹುದು. ಇವತ್ತಿನ ನೀರಿಗೆ ವಾಟರ್‌ಮ್ಯಾನ್ ಸಾಕು, ವಾರ ವಾರವೂ ಒಡೆಯುವ ಪೈಪಿಗೆ ಸಂಖ್ಯೆ ಬೇಕು. ಅಂಕ ಎರಡೂವರೆ, ಅದರಲ್ಲಿ ಎರಡು ಆ ಸಂಖ್ಯೆಗೇ.

ದೂರು ಬಿದ್ದುಹೋಗುವುದು ಬಗೆ ತಪ್ಪಾಗಿ ಆರಿಸಿದಾಗ. ತೆರೆದ ಚರಂಡಿ ಕಟ್ಟಿಕೊಂಡರೆ ಅದು ಆರೋಗ್ಯ ಶಾಖೆಯದು, ಆರೋಗ್ಯ ನಿರೀಕ್ಷಕರಿಗೆ ಹೋಗುತ್ತದೆ. ಮ್ಯಾನ್‌ಹೋಲ್ ಉಕ್ಕಿದರೆ ಯುಜಿಡಿ, ಅಂದರೆ ಒಳಚರಂಡಿ. ಆ ಜಾಲ ಇನ್ನೂ ಒಳಚರಂಡಿ ಮಂಡಳಿಯಿಂದ ನಗರಸಭೆಗೆ ಹಸ್ತಾಂತರವಾಗದಿದ್ದರೆ ದೂರು ಅತ್ತಿತ್ತ ಓಡಾಡುತ್ತದೆ. ಯುಜಿಡಿ ದೂರಿನಲ್ಲಿ "ಸಕ್ಕಿಂಗ್ ಯಂತ್ರ ಕಳಿಸಿ" ಎಂದೇ ಬರೆಯಿರಿ. ಸುರಕ್ಷಾ ಸಾಧನವಿಲ್ಲದೆ ಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಬೀದಿದೀಪ ಉರಿಯದಿದ್ದರೆ ನಗರಸಭೆ. ಕಂಬ ವಾಲಿದರೆ, ತಂತಿ ಜೋತುಬಿದ್ದರೆ ವಿದ್ಯುತ್ ಕಂಪನಿ (ಎಸ್ಕಾಂ), ಸಹಾಯವಾಣಿ 1912. ಊರಿನ ನಡುವೆಯೇ ಹಾದುಹೋಗುವ ಮುಖ್ಯರಸ್ತೆಯ ಗುಂಡಿ ಹಲವು ಕಡೆ ಲೋಕೋಪಯೋಗಿ ಇಲಾಖೆಗೆ ಸೇರಿದ್ದು. ನಗರಸಭೆ ಅದನ್ನು "ನಮ್ಮ ವ್ಯಾಪ್ತಿಯಲ್ಲ" ಎಂದು ಮುಚ್ಚಿದರೆ ಆ ಉತ್ತರ ಸುಳ್ಳೇನಲ್ಲ. ಆದರೆ ಸಂಬಂಧಪಟ್ಟ ಇಲಾಖೆಗೆ ತಾನೇ ದಾಟಿಸುವ ಬದಲು ದೂರನ್ನೇ ಮುಚ್ಚುವುದು ಈ ಸೇವೆಯ ಕೆಟ್ಟ ಚಾಳಿ.

ಅದಕ್ಕಿಂತ ಕೆಟ್ಟದ್ದು, ಕೆಲಸವಾಗದೆಯೇ "ಪರಿಹರಿಸಲಾಗಿದೆ" ಎಂದು ಬರುವ ಸಂದೇಶ. ಹಾಗಾದ ದಿನವೇ ಅದೇ ಜಾಗದ ಫೋಟೊ ತೆಗೆದು, ಹಳೆಯ ದೂರಿನ ಸಂಖ್ಯೆ ನಮೂದಿಸಿ ಹೊಸ ದೂರು ಕೊಡಿ. ಫೋಟೊದಲ್ಲಿ ಗುಂಡಿ ಮಾತ್ರ ಕಂಡರೆ ಸಾಲದು. ಪಕ್ಕದ ಅಂಗಡಿಯ ಬೋರ್ಡೋ ಕಂಬದ ಸಂಖ್ಯೆಯೋ ಕಾಣಬೇಕು. ಎರಡನೇ ಸಲವೂ ಹಾಗೇ ಮುಚ್ಚಿದರೆ ಎರಡೂ ಸಂಖ್ಯೆಯೊಂದಿಗೆ ಸರ್ಕಾರದ ಕುಂದುಕೊರತೆ ವ್ಯವಸ್ಥೆ ಜನಸ್ಪಂದನದ ಸಹಾಯವಾಣಿ 1902ಕ್ಕೆ ಹೋಗಬಹುದು. ಖಾತೆ ಬದಲಾವಣೆ, ಉದ್ದಿಮೆ ಪರವಾನಗಿಯಂಥ ಅರ್ಜಿಗಳ ದಾರಿ ಬೇರೆ, ಅವು ಸೇವೆಗೆ ಗಡುವು ಹಾಕುವ 'ಸಕಾಲ' ಕಾಯ್ದೆಯಡಿ ಬರುತ್ತವೆ. ಅರ್ಜಿ ಸ್ವೀಕರಿಸಿದ್ದಕ್ಕೆ ಕೊಡುವ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೊಡದೆ "ನಾಳೆ ಬನ್ನಿ" ಎಂದರೆ ಆ ಅರ್ಜಿಯ ಗಡುವು ಶುರುವೇ ಆಗಿಲ್ಲ ಎಂದರ್ಥ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ಪರಿಹಾರ ಕಾಯ್ದೆಯಲ್ಲಿದೆ, ಕೇಳುವವರು ಕಡಿಮೆ.

ಈಗಿನ ಹಂಗಾಮಿಗೆ ತುರ್ತಿನದು ಚರಂಡಿ ಹೂಳು. ದೂರನ್ನು ಏಪ್ರಿಲ್ ಮಧ್ಯದೊಳಗೆ ಕೊಡಿ. ಮೇ ಹೊತ್ತಿಗೆ ಜೆಸಿಬಿ, ಆಳುಗಳೆಲ್ಲ ರಾಜಕಾಲುವೆಗೆ ಹೋಗಿರುತ್ತವೆ, ಒಳಬೀದಿಗೆ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಹೂಳು ಎತ್ತಿದ ಮೇಲೂ ಕೆಲಸ ಮುಗಿದಿರುವುದಿಲ್ಲ. ಒಣಗಲಿ ಎಂದು ಅಂಚಿನಲ್ಲೇ ರಾಶಿ ಹಾಕಿ ಹೋಗುತ್ತಾರೆ, ಒಂದು ಅಡ್ಡಮಳೆ ಬಂದರೆ ಅಷ್ಟೂ ಮತ್ತೆ ಚರಂಡಿಗೆ. ಎರಡು ದಿನ ಕಾದು ನೋಡಿ. ರಾಶಿ ಅಲ್ಲೇ ಇದ್ದರೆ ಫೋಟೊ ತೆಗೆದು ಸಾಗಣೆಗೆಂದು ಇನ್ನೊಂದು ದೂರು ಕೊಡಿ, ಅದನ್ನು ಚರಂಡಿಯ ಬಗೆಯಲ್ಲಲ್ಲ, ಕಸ ವಿಲೇವಾರಿಯ ಬಗೆಯಲ್ಲಿ.